ಉಂಟಾದುದೂ ಅಲ್ಲ, ಉಲ್ಬಣಿಸಿದುದೂ ಅಲ್ಲ

ಗಾಯಕ್ಕೆ ತಾರೀಖು ಇರುತ್ತದೆ, ರೋಗಕ್ಕೆ ಇರುವುದಿಲ್ಲ. ಸೈನಿಕನ ಬಾಳನ್ನು ಕುರಿತು ನಾವು ಬರೆದುದು, ಹಾಡಿದುದು ಬಹುಮಟ್ಟಿಗೆ ಗಾಯದ ಕಡೆಗೇ ಒಲಿದಿರುವುದಕ್ಕೆ ಇದೇ ಕಾರಣವಿರಬಹುದು. ನಮ್ಮ ನಾಡಿನ ವೀರಗಲ್ಲುಗಳನ್ನು ನೋಡಿರಿ: ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಬಾಣ ತಾಗಿದ ಕ್ಷಣವನ್ನು ಶಿಲ್ಪಿ ಕಲ್ಲಿನಲ್ಲಿ ಹಿಡಿದಿಟ್ಟಿದ್ದಾನೆ. ಕಾಳಗದಿಂದ ಬದುಕಿ ಬಂದು, ಇಪ್ಪತ್ತು ವರ್ಷಗಳ ಮೇಲೆ ಮನೆಯ ಪಡಸಾಲೆಯಲ್ಲಿ ಕೆಮ್ಮಿ ಕೆಮ್ಮಿ ಸತ್ತವನಿಗಾಗಿ ಕಲ್ಲು ನಿಲ್ಲಿಸಿದ ಊರನ್ನು ನಾನಂತೂ ಕಂಡಿಲ್ಲ.

ನಮ್ಮ ಜಿಲ್ಲೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ೨೦೧೬ರ ಫೆಬ್ರವರಿ ೩ರಂದು ಸಿಯಾಚಿನ್ ಹಿಮನದಿಯ ಮೇಲೆ, ಸುಮಾರು ೧೯,೬೦೦ ಅಡಿ ಎತ್ತರದ ಠಾಣೆಯೊಂದರಲ್ಲಿ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಜನ ಸೈನಿಕರು ಹೂತುಹೋದರು. ಆರು ದಿನಗಳ ಮೇಲೆ ಅಗೆದು ತೆಗೆದಾಗ ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಅವರಲ್ಲಿ ಇನ್ನೂ ಜೀವವಿದ್ದಿತು. ಫೆಬ್ರವರಿ ೧೧ರಂದು ದಿಲ್ಲಿಯ ಸೈನಿಕ ಆಸ್ಪತ್ರೆಯಲ್ಲಿ ಅವರು ತೀರಿಕೊಂಡಾಗ ಹುಬ್ಬಳ್ಳಿ ಧಾರವಾಡಗಳಷ್ಟೇ ಅಲ್ಲ, ದೇಶವೇ ಕಣ್ಣೀರಿಟ್ಟಿತು. ಆ ಸಾವು ಸೈನ್ಯದ ಸೇವೆಯಿಂದ ಆದುದೇ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಹಿಮ, ಎತ್ತರ, ಕರ್ತವ್ಯ ಮೂರೂ ಒಂದೇ ಚಿತ್ರದಲ್ಲಿದ್ದವು.

ಚಿತ್ರದಲ್ಲಿ ಹಿಡಿಯಲಾಗದ ಕಾರಣಗಳ ಮಾತು ಬೇರೆ. ಕುಡಿದ ನೀರು, ಉಸಿರಿಗೆಳೆದ ಹೊಗೆ, ಕೈ ಅದ್ದಿದ ದ್ರವ, ಮೈಮೇಲೆ ಬಿದ್ದ ಸಿಂಪರಣೆ, ಇವುಗಳಿಂದ ಹುಟ್ಟುವ ರೋಗ ಹತ್ತು, ಇಪ್ಪತ್ತು, ಮೂವತ್ತು ವರ್ಷ ಕಾದು ಬರುತ್ತದೆ. ಅಷ್ಟರಲ್ಲಿ ಸೈನಿಕನು ಸಮವಸ್ತ್ರ ಕಳಚಿ ಊರಿಗೆ ಬಂದಿರುತ್ತಾನೆ. ಅವನ ತುಕಡಿ ಇನ್ನೆಲ್ಲಿಗೋ ಸಾಗಿರುತ್ತದೆ. ವಿಷವಿದ್ದ ಡಬ್ಬಿ ಗುಜರಿಗೆ ಸೇರಿರುತ್ತದೆ. ಪರಿಹಾರ ಕೇಳಲು ಹೋದವನಿಗೆ ಮೊದಲು ಎದುರಾಗುವ ಪ್ರಶ್ನೆ "ನಿನಗೆ ಎಷ್ಟು ನೋವು?" ಎಂಬುದಲ್ಲ, "ಇದು ನಮ್ಮಿಂದಲೇ ಆಯಿತೆಂಬುದಕ್ಕೆ ರುಜುವಾತೇನು?" ಎಂಬುದು. ಈ ಪ್ರಶ್ನೆಯನ್ನು ಯಾರು ಯಾರಿಗೆ ಕೇಳಬೇಕು ಎಂಬುದನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದು ಕೆಲವು ತಿಂಗಳುಗಳಿಂದ ನನ್ನ ಮನಸ್ಸಿನಲ್ಲಿದ್ದಿತು.

ಅದಕ್ಕೆ ಕಾರಣ ಒಂದು ಪತ್ರ. ಕನ್ನಡ ಅಧ್ಯಾಪಕನಾದವನಿಗೆ ಊರಿನವರು ವಹಿಸುವ ಕೆಲಸಗಳಲ್ಲಿ ಇಂಗ್ಲಿಷ್ ಪತ್ರಗಳನ್ನು ಓದಿ ಹೇಳುವುದೂ ಒಂದು. ಇದು ಎಂಥ ವಿಪರ್ಯಾಸವೆಂದು ವಾಚಕರೇ ನಗಬಹುದು. ನಮ್ಮ ಕೆಲಗೇರಿಯಲ್ಲಿ, ನಮ್ಮ ಓಣಿಯಲ್ಲೇ, ಸೈನ್ಯದಿಂದ ನಿವೃತ್ತರಾದ ಹಿರಿಯರೊಬ್ಬರು ಇದ್ದಾರೆ. ಓಣಿಗೆಲ್ಲ ಅವರು ಹವಾಲ್ದಾರ ಕಾಕಾ. ಸೇವೆಯ ಬಹುಭಾಗವನ್ನು ಸೈನ್ಯದ ವಾಹನಗಳ ದುರಸ್ತಿ ಶಾಲೆಗಳಲ್ಲಿ ಕಳೆದವರು. ಈಗ ಕೆರೆಯ ಏರಿಯವರೆಗೆ ನಡೆದು ಬರುವಷ್ಟರಲ್ಲಿ ಮೂರು ಸಲ ನಿಲ್ಲುತ್ತಾರೆ. ಅಂಗವೈಕಲ್ಯದ ಪಿಂಚಣಿಗಾಗಿ ಅವರು ಬರೆದುಕೊಂಡ ಅರ್ಜಿಗೆ ಬಂದ ಉತ್ತರವನ್ನು ಹಿಡಿದುಕೊಂಡು ಒಂದು ಸಂಜೆ ಬಂದರು. "ಸರ, ಇದರಾಗ ಏನ್ ಬರದಾರ ಸ್ವಲ್ಪ ಓದಿ ಹೇಳ್ರಿ" ಎಂದರು.

ಪತ್ರದ ತಿರುಳು ಒಂದೇ ವಾಕ್ಯ. ನಿಮ್ಮ ರೋಗವು ಸೈನಿಕ ಸೇವೆಯಿಂದ ಉಂಟಾದುದೂ ಅಲ್ಲ, ಸೈನಿಕ ಸೇವೆಯಿಂದ ಉಲ್ಬಣಿಸಿದುದೂ ಅಲ್ಲ. ಸೈನ್ಯದ ವೈದ್ಯಕೀಯ ಕಾಗದಗಳಲ್ಲಿ ಈ ನುಡಿಗಟ್ಟು ಎಷ್ಟು ಬಳಕೆಯಾಗಿದೆಯೆಂದರೆ, ಅದರ ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿ 'ನಾನಾ' ಎಂದೇ ಚುಟುಕಾಗಿ ಬರೆಯುತ್ತಾರೆ. ನಮ್ಮ ಭಾಷೆಯಲ್ಲಿ ನಾನಾ ಎಂದರೆ ಹಲವು. ಅಲ್ಲಿ ಅದು ಎರಡು ನಿಷೇಧಗಳ ಜೋಡಿ. ನಾನು ವಾಕ್ಯವನ್ನು ಆದಷ್ಟು ಮೆತ್ತಗೆ ಕನ್ನಡಿಸಿ ಹೇಳಿದೆ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಇದು ಎಲ್ಲಿಂದ ಬಂತ್ರಿ ಸರ? ಭರ್ತಿ ಆಗೂ ಮುಂದ ಎದಿ ಬಡದ ನೋಡೇ ತಗೊಂಡಾರ" ಎಂದರು.

ಶಾಲೆಯನ್ನು ಹೆಚ್ಚು ಕಾಣದ ಆ ಮನುಷ್ಯ ಒಂದೇ ಉಸಿರಿನಲ್ಲಿ ಹೇಳಿದ ಈ ಮಾತನ್ನು ಕಾನೂನು ಪಂಡಿತರು ಅರ್ಧ ಶತಮಾನದಿಂದ ಹಲವು ದೇಶಗಳಲ್ಲಿ ಚರ್ಚಿಸುತ್ತ ಬಂದಿದ್ದಾರೆಂದು ಆಮೇಲೆ ಓದಿದಾಗ ನನಗೆ ತಿಳಿಯಿತು.

ಸೈನ್ಯವೇ ತನ್ನ ಸೈನಿಕನಿಗೆ ವಿಷವುಣಿಸಿದ ಕಥೆ ನಮ್ಮ ಉಪಖಂಡದ ಮಟ್ಟಿಗೆ ರಾವಲ್ಪಿಂಡಿಯಿಂದ ಆರಂಭವಾಗುತ್ತದೆ. ಇಂಗ್ಲೆಂಡಿನ ಪೋರ್ಟನ್ ಡೌನ್ ಎಂಬಲ್ಲಿ ೧೯೧೬ರಲ್ಲಿ ಸ್ಥಾಪಿತವಾದ ರಾಸಾಯನಿಕ ಯುದ್ಧದ ಸಂಶೋಧನ ಕೇಂದ್ರದ ವಿಜ್ಞಾನಿಗಳು ೧೯೩೦ರ ಮತ್ತು ೧೯೪೦ರ ದಶಕಗಳಲ್ಲಿ ರಾವಲ್ಪಿಂಡಿಯ ಸೈನಿಕ ನೆಲೆಯಲ್ಲಿ ಬ್ರಿಟಿಷ್ ಹಿಂದುಸ್ಥಾನದ ಸೈನಿಕರ ಮೇಲೆ ಸಾಸಿವೆ ಅನಿಲವನ್ನು ಪ್ರಯೋಗಿಸಿದರು. ಹೆಸರಿಗೆ ಸಾಸಿವೆಯಾದರೂ ನಮ್ಮ ಒಗ್ಗರಣೆಯ ಸಾಸಿವೆಗೂ ಇದಕ್ಕೂ ನಂಟಿಲ್ಲ. ಇದು ಗಂಧಕದ ಒಂದು ಸಂಯುಕ್ತ, ಚರ್ಮವನ್ನು ಬೊಬ್ಬೆಯೆಬ್ಬಿಸಿ ಸುಡುವುದು, ಕಣ್ಣು ಶ್ವಾಸಕೋಶಗಳನ್ನು ಕೆಡಿಸುವುದು, ಕ್ಯಾನ್ಸರಿಗೂ ಕಾರಣವಾಗುವುದು. ಹಿಂದುಸ್ಥಾನದವರ ಚರ್ಮ ಬಿಳಿಯರ ಚರ್ಮಕ್ಕಿಂತ ಹೆಚ್ಚು ಸುಡುವುದೋ ಕಡಿಮೆ ಸುಡುವುದೋ ಎಂಬುದು ತಿಳಿಯಬೇಕಾಗಿತ್ತಂತೆ. ಚಡ್ಡಿ, ಹತ್ತಿಯ ಅಂಗಿಗಳಲ್ಲಿ ಸೈನಿಕರನ್ನು ಅನಿಲದ ಕೋಣೆಯೊಳಕ್ಕೆ ಕಳುಹಿಸಿದರು. ತೀವ್ರವಾಗಿ ಸುಟ್ಟು ಆಸ್ಪತ್ರೆ ಸೇರಿದವರ ಸಂಖ್ಯೆ ದೊಡ್ಡದೆಂದು ಆಗಿನ ವರದಿಗಳೇ ಒಪ್ಪಿದ್ದವು. ಇದೆಲ್ಲ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದ ಕಡತಗಳಿಂದ ಹೊರಬಿದ್ದು ೨೦೦೭ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಗಾರ್ಡಿಯನ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಸೈನಿಕರು ಮುಂದೆ ಕಾಯಿಲೆ ಬಿದ್ದರೇ ಎಂದು ಪೋರ್ಟನ್ನಿನವರು ವಿಚಾರಿಸಲೇ ಇಲ್ಲ.

ಇಂಗ್ಲೆಂಡಿನಲ್ಲೂ ಅದೇ ಸಂಸ್ಥೆ ತನ್ನ ದೇಶದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸೈನಿಕರನ್ನು ಪ್ರಯೋಗಗಳಿಗೆ ಒಡ್ಡಿದ್ದಿತು. ರೊನಾಲ್ಡ್ ಮ್ಯಾಡಿಸನ್ ಎಂಬ ಇಪ್ಪತ್ತು ವರ್ಷದ ವಾಯುಪಡೆಯ ಹುಡುಗ ೧೯೫೩ರಲ್ಲಿ, ತೋಳಿನ ಮೇಲೆ ಸ್ಯಾರಿನ್ ವಿಷದ ಹನಿಗಳನ್ನು ಹಾಕಿಸಿಕೊಂಡು ಸತ್ತನು. ಆ ಸಾವು ಕಾನೂನುಬಾಹಿರ ಹತ್ಯೆಯೆಂಬ ತೀರ್ಮಾನ ಹೊರಬಿದ್ದದ್ದು ೨೦೦೪ರಲ್ಲಿ. ಐವತ್ತೊಂದು ವರ್ಷಗಳ ಮೇಲೆ! ೨೦೦೮ರ ಜನವರಿಯಲ್ಲಿ ಬ್ರಿಟಿಷ್ ಸರಕಾರ ೩೬೦ ಜನ ಮಾಜಿ ಸೈನಿಕರಿಗೆ ಒಟ್ಟು ಮೂವತ್ತು ಲಕ್ಷ ಪೌಂಡು ಕೊಡಲು ಒಪ್ಪಿ ಕ್ಷಮೆ ಕೇಳಿತು. ಇವರು ಗೆದ್ದುದಕ್ಕೆ ಒಂದು ಕಾರಣ, ಅವರು ಬದುಕಿದ್ದರು, ಒಬ್ಬರನ್ನೊಬ್ಬರು ಹುಡುಕಿಕೊಂಡಿದ್ದರು, ಕಡತಗಳು ಅವರ ಊರಿನಲ್ಲೇ ಇದ್ದವು. ರಾವಲ್ಪಿಂಡಿಯ ಕೋಣೆಯಿಂದ ಹೊರಬಂದವನು ತನ್ನ ಹಳ್ಳಿಗೆ ಮರಳಿದಾಗ ಅವನ ಕೈಯಲ್ಲಿ ಇದ್ದುದಾದರೂ ಏನು? ಮೈಮೇಲಿನ ಕಲೆಯೊಂದೇ.

ಇಲ್ಲಿಗೆ ನನ್ನ ವಾದದ ಮೂಲ ಸಿಕ್ಕಿತೆಂದು ತಿಳಿಯುತ್ತೇನೆ. ವಿಷ ತಿಂದವನಿಗೆ ವಿಷದ ಹೆಸರು ತಿಳಿದಿರುವುದಿಲ್ಲ, ತಿನ್ನಿಸಿದವನಿಗೆ ತಿಳಿದಿರುತ್ತದೆ. ದಾಸ್ತಾನಿನ ಪುಸ್ತಕ ಅವನ ಬಳಿ, ನೀರಿನ ಪರೀಕ್ಷೆಯ ವರದಿ ಅವನ ಬಳಿ, ಯಾವ ದಿನ ಯಾರು ಎಲ್ಲಿ ಕೆಲಸ ಮಾಡಿದರೆಂಬ ಹಾಜರಿ ಅವನ ಬಳಿ. ಹೀಗಿರುವಾಗ ಏನೂ ಕೈಯಲ್ಲಿಲ್ಲದವನನ್ನು ರುಜುವಾತು ತಾ ಎನ್ನುವುದು, ಬಾವಿಯ ಹಗ್ಗವನ್ನು ತಾನೇ ಇಟ್ಟುಕೊಂಡು ನೀರು ಸೇದು ಎಂದಂತೆ. ನಮ್ಮ ೧೮೭೨ರ ಸಾಕ್ಷ್ಯ ಕಾಯಿದೆಯ ೧೦೬ನೆಯ ಕಲಮು ಇದನ್ನು ಬಹಳ ಹಿಂದೆಯೇ ಒಪ್ಪಿದ್ದಿತು: ಯಾವ ಸಂಗತಿ ಒಬ್ಬನ ವಿಶೇಷ ಅರಿವಿನಲ್ಲಿದೆಯೋ ಅದನ್ನು ಸಾಬೀತು ಮಾಡುವ ಹೊಣೆ ಅವನದೇ. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಆ ತತ್ತ್ವ ಉಳಿದುಕೊಂಡಿದೆ. ಆದರೆ ತತ್ತ್ವ ಪುಸ್ತಕದಲ್ಲಿರುವುದು ಬೇರೆ, ಪಿಂಚಣಿಯ ಮೇಜಿನ ಮೇಲೆ ಇರುವುದು ಬೇರೆ.

ಅಮೇರಿಕದವರು ಈ ಪಾಠವನ್ನು ಮೂರು ಸಲ ಕಲಿತರು, ಮೂರು ಸಲವೂ ತಡವಾಗಿ ಕಲಿತರು. ಮೊದಲನೆಯದು ವಿಯೆಟ್ನಾಂ. ೧೯೬೨ರಿಂದ ೧೯೭೧ರವರೆಗೆ ಅವರ ವಿಮಾನಗಳು ಅಲ್ಲಿಯ ಕಾಡು, ಪೈರುಗಳ ಮೇಲೆ ಏಳು ಕೋಟಿ ಲೀಟರಿಗೂ ಹೆಚ್ಚು ಕಳೆನಾಶಕವನ್ನು ಸುರಿದವು. ಪೀಪಾಯಿಯ ಮೇಲಿನ ಕಿತ್ತಳೆ ಬಣ್ಣದ ಪಟ್ಟಿಯಿಂದಾಗಿ ಅವುಗಳಲ್ಲಿ ಮುಖ್ಯವಾದುದಕ್ಕೆ 'ಏಜೆಂಟ್ ಆರೆಂಜ್' ಎಂಬ ಹೆಸರು ಬಂದಿತು. ಅದರೊಳಗೆ ಡಯಾಕ್ಸಿನ್ ಎಂಬ ಘೋರ ವಿಷ ಬೆರೆತಿದ್ದಿತು. ಡಾ ನಾಂಗ್, ಬಿಯೆನ್ ಹೋವಾ ಮೊದಲಾದ ನೆಲೆಗಳಲ್ಲಿ ಪೀಪಾಯಿಗಳನ್ನು ಉರುಳಿಸಿದವರು, ತೊಳೆದವರು, ಸುರಿದ ಕಾಡಿನಲ್ಲಿ ನಡೆದವರು ಮನೆಗೆ ಮರಳಿ ರೋಗಿಗಳಾದಾಗ ಅವರಿಗೂ 'ಸಂಬಂಧವೇನು?' ಎಂಬ ಪ್ರಶ್ನೆಯೇ ಎದುರಾಯಿತು. ೧೯೮೪ರಲ್ಲಿ ರಾಸಾಯನಿಕ ಕಂಪನಿಗಳು ಹದಿನೆಂಟು ಕೋಟಿ ಡಾಲರು ಕೊಟ್ಟು ರಾಜಿಯಾದವು. ಸರಕಾರ ಮಣಿದದ್ದು ೧೯೯೧ರ ಕಾಯಿದೆಯಲ್ಲಿ: ಆ ವರ್ಷಗಳಲ್ಲಿ ವಿಯೆಟ್ನಾಮಿನಲ್ಲಿ ಸೇವೆ ಮಾಡಿದವನಿಗೆ ವಿಷ ತಾಗಿದೆಯೆಂದೇ ಹಿಡಿಯತಕ್ಕದ್ದು, ಪಟ್ಟಿಯಲ್ಲಿರುವ ರೋಗ ಅವನಿಗೆ ಬಂದರೆ ಅದು ಸೇವೆಯಿಂದ ಬಂದುದೆಂದೇ ಹಿಡಿಯತಕ್ಕದ್ದು. ಅದೇ ನೆಲದ ವಿಯೆಟ್ನಾಮೀಯರು ಹೂಡಿದ ದಾವೆಯನ್ನು ಮಾತ್ರ ಅಮೇರಿಕದ ನ್ಯಾಯಾಲಯ ೨೦೦೫ರಲ್ಲಿ ತಳ್ಳಿಹಾಕಿತು. ಔದಾರ್ಯಕ್ಕೂ ಗಡಿರೇಖೆ ಉಂಟು.

ಎರಡನೆಯದು ಉತ್ತರ ಕೆರೊಲಿನಾದ ಲೆಜೂನ್ ಶಿಬಿರ. ಇಲ್ಲಿ ಯುದ್ಧವಿರಲಿಲ್ಲ, ಶತ್ರುವಿರಲಿಲ್ಲ, ನಲ್ಲಿಯ ನೀರಿದ್ದಿತು. ೧೯೫೩ರಿಂದ ೧೯೮೭ರವರೆಗೆ ಆ ನೆಲೆಯ ಬಾವಿಗಳ ನೀರಿನಲ್ಲಿ ಲೋಹದ ಜಿಡ್ಡು ತೆಗೆಯುವ ಟ್ರೈಕ್ಲೋರೋಎಥಿಲೀನ್, ಬಟ್ಟೆಗಳ ಡ್ರೈಕ್ಲೀನಿಂಗಿನ ದ್ರವ, ಬೆಂಜೀನ್ ಮೊದಲಾದವು ಬೆರೆತಿದ್ದವು. ಒಂದು ಕಡೆ ನೆಲೆಯ ಹೊರಗಿನ ಲಾಂಡ್ರಿಯಿಂದ, ಇನ್ನೊಂದು ಕಡೆ ನೆಲೆಯದೇ ಸೋರುವ ತೊಟ್ಟಿಗಳಿಂದ, ಸುರಿದ ತ್ಯಾಜ್ಯದಿಂದ. ೧೯೮೨ರಲ್ಲಿ ಪರೀಕ್ಷೆ ಮಾಡಿದಾಗ ಒಂದು ಮಾದರಿಯಲ್ಲಿ ಟ್ರೈಕ್ಲೋರೋಎಥಿಲೀನ್ ನೂರು ಕೋಟಿ ಭಾಗಗಳಲ್ಲಿ ೧,೪೦೦ ಭಾಗವಿದ್ದಿತು. ಮುಂದೆ ನಿಗದಿಯಾದ ಸುರಕ್ಷಿತ ಮಿತಿ ಬರಿಯ ೫ ಭಾಗ. ಆದರೂ ಕೆಟ್ಟ ಬಾವಿಗಳನ್ನು ಮುಚ್ಚುವುದಕ್ಕೆ ೧೯೮೪-೮೫ರವರೆಗೆ ಕಾಲ ಹಿಡಿಯಿತು. ಹತ್ತು ಲಕ್ಷದವರೆಗೆ ಜನ ಆ ನೀರಿನ ಸಂಪರ್ಕಕ್ಕೆ ಬಂದಿರಬಹುದೆಂದು ಅಂದಾಜು. ಅವರಲ್ಲಿ ಸೈನಿಕರ ಹೆಂಡಿರು, ಮಕ್ಕಳು, ಗರ್ಭಸ್ಥ ಶಿಶುಗಳು ಸೇರಿದ್ದವು.

ಅಲ್ಲಿ ತರಬೇತಿ ಸಾರ್ಜೆಂಟನಾಗಿದ್ದ ಜೆರಿ ಎನ್ಸ್‌ಮಿಂಗರ್ ಎಂಬಾತನ ಮಗಳು ಜೇನಿ ೧೯೮೫ರಲ್ಲಿ ಒಂಬತ್ತು ವರ್ಷದವಳಾಗಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಳು. ಏಕೆ ಹೀಗಾಯಿತೆಂದು ತಂದೆಗೆ ತಿಳಿದದ್ದು ಹನ್ನೆರಡು ವರ್ಷಗಳ ಮೇಲೆ, ೧೯೯೭ರಲ್ಲಿ, ದೂರದರ್ಶನದ ವಾರ್ತೆಯೊಂದನ್ನು ಕೇಳಿದಾಗ. ಊಟದ ತಟ್ಟೆ ಕೈಯಲ್ಲಿ ಹಿಡಿದಿದ್ದವನು ಅದನ್ನು ಕೆಳಗೆ ಬೀಳಿಸಿದನೆಂದು ಅವನೇ ಹೇಳಿಕೊಂಡಿದ್ದಾನೆ. ಅಲ್ಲಿಂದ ಅವನು ಕಡತಗಳ ಹಿಂದೆ ಬಿದ್ದನು. ಚಿಕಿತ್ಸೆಗೆ ಅವಕಾಶ ಕೊಟ್ಟ ೨೦೧೨ರ ಕಾನೂನಿಗೆ ಜೇನಿಯ ಹೆಸರನ್ನೇ ಇಟ್ಟರು. ೨೦೧೭ರಲ್ಲಿ ಎಂಟು ರೋಗಗಳನ್ನು ಆ ನೀರಿನಿಂದಲೇ ಬಂದವೆಂದು ಹಿಡಿಯುವ ನಿಯಮವಾಯಿತು. ೨೦೨೨ರ ಆಗಸ್ಟ್ ೧೦ರ ಕಾನೂನು ನ್ಯಾಯಾಲಯದ ಬಾಗಿಲನ್ನೂ ತೆರೆಯಿತು: ಅಲ್ಲಿ ಮೂವತ್ತು ದಿನ ಇದ್ದವನಾದರೆ ಸಾಕು, ರೋಗ ನೀರಿನಿಂದ ಬಂದಿರುವ ಸಾಧ್ಯತೆ ಬಂದಿರದ ಸಾಧ್ಯತೆಗಿಂತ ಕಡಿಮೆಯಿಲ್ಲವೆಂದು ತೋರಿಸಿದರೆ ಸಾಕು. ತಕ್ಕಡಿ ಅವನ ಕಡೆಗೆ ವಾಲಬೇಕೆಂದಿಲ್ಲ, ಸಮವಾಗಿ ನಿಂತರೂ ನಡೆಯಿತು.

ಮೂರನೆಯದನ್ನು ಹೇಳುವ ಮುಂಚೆ ಒಂದು ಶಬ್ದದ ವಿಚಾರ. ಅಧ್ಯಾಪಕನ ಚಾಳಿಯೆಂದು ವಾಚಕರು ಮನ್ನಿಸಬೇಕು. ಸಂಸ್ಕೃತದ ತರ್ಕಶಾಸ್ತ್ರದಲ್ಲಿ 'ಅನುಮಾನ'ವೆಂದರೆ ಜ್ಞಾನದ ಒಂದು ಗಟ್ಟಿಯಾದ ಸಾಧನ: ಕಂಡುದರಿಂದ ಕಾಣದುದನ್ನು ತಿಳಿಯುವುದು. ದೂರದ ಗುಡ್ಡದಲ್ಲಿ ಹೊಗೆ ಕಂಡಾಗ ಅಲ್ಲಿ ಬೆಂಕಿಯುಂಟೆಂದು ಅರಿಯುವುದು ಅದರ ಹಳೆಯ ಉದಾಹರಣೆ. ಕನ್ನಡಕ್ಕೆ ಬರುವಷ್ಟರಲ್ಲಿ ಅದೇ ಶಬ್ದ 'ಸಂಶಯ' ಎಂಬ ಅರ್ಥಕ್ಕೆ ತಿರುಗಿತು. ನನಗೆ ಅವನ ಮೇಲೆ ಅನುಮಾನ ಎಂದರೆ ಅವನನ್ನು ನಂಬುವುದಿಲ್ಲವೆಂದು ಅರ್ಥ. ವಿಷದ ಪರಿಹಾರದ ಕಾನೂನುಗಳಲ್ಲೆಲ್ಲ ಇರುವ ಜಗಳ ಈ ಎರಡು ಅರ್ಥಗಳ ನಡುವಿನ ಜಗಳವೇ. ಕಚೇರಿಯು ಕನ್ನಡದ ಅರ್ಥದಲ್ಲಿ ಅನುಮಾನಿಸುತ್ತದೆ. ಸೈನಿಕನು ಶಾಸ್ತ್ರದ ಅರ್ಥದಲ್ಲಿ ಅನುಮಾನಿಸಿರೆಂದು ಬೇಡುತ್ತಾನೆ. ಮೇಲೆ ಹೇಳಿದ ಕಾನೂನುಗಳು ಮಾಡಿದ್ದು ಇಷ್ಟೇ: ಇಂಥ ಕಡೆ ಇದ್ದವನಿಗೆ ಇಂಥ ರೋಗ ಬಂದರೆ ಸಂಬಂಧವನ್ನು ಮೊದಲೇ ಊಹಿಸಿಕೊಳ್ಳಿರಿ, ಬೇಕಾದರೆ ಅಲ್ಲವೆಂದು ನೀವೇ ತೋರಿಸಿರಿ. ಇದನ್ನು ಪೂರ್ವಾನುಮಾನವೆಂದು ಕರೆಯಬಹುದು.

ಮೂರನೆಯ ಪ್ರಕರಣದಲ್ಲಿ ನಿಜವಾಗಿಯೂ ಹೊಗೆಯೇ ಇದ್ದಿತು. ಇರಾಕ್, ಅಫ್ಘಾನಿಸ್ತಾನಗಳ ಅಮೇರಿಕನ್ ನೆಲೆಗಳಲ್ಲಿ ಪ್ಲಾಸ್ಟಿಕ್ಕು, ಬ್ಯಾಟರಿ, ಆಸ್ಪತ್ರೆಯ ಕಸ, ಬಣ್ಣದ ಡಬ್ಬಿ ಎಲ್ಲವನ್ನೂ ದೊಡ್ಡ ಗುಂಡಿಗಳಲ್ಲಿ ವಿಮಾನದ ಇಂಧನ ಸುರಿದು ಹಗಲಿರುಳು ಸುಡುತ್ತಿದ್ದರು. ಆ ಹೊಗೆಯಿಂದ ರೋಗ ಬಂದಿತೆಂದು ೨೦೦೭ರಿಂದ ೨೦೨೦ರವರೆಗೆ ಅರ್ಜಿ ಹಾಕಿದ ಮಾಜಿ ಸೈನಿಕರಲ್ಲಿ ಹತ್ತಕ್ಕೆ ಏಳಕ್ಕೂ ಹೆಚ್ಚು ಮಂದಿಯ ಬೇಡಿಕೆ ತಿರಸ್ಕೃತವಾಯಿತು. ಹೊಗೆಯನ್ನು ಕಣ್ಣಾರೆ ಕಂಡೂ ಬೆಂಕಿಯನ್ನು ಒಪ್ಪದ ತರ್ಕವಿದು! ಹೀತ್ ರಾಬಿನ್ಸನ್ ಎಂಬ ಸಾರ್ಜೆಂಟನು ಶ್ವಾಸಕೋಶದ ಕ್ಯಾನ್ಸರಿನಿಂದ ೨೦೨೦ರಲ್ಲಿ ಸತ್ತ ಮೇಲೆ ಅವನ ಹೆಸರಿನಲ್ಲೇ ೨೦೨೨ರ ಆ ಕಾಯಿದೆ ಬಂದು, ಇಪ್ಪತ್ತಕ್ಕೂ ಹೆಚ್ಚು ರೋಗಗಳಿಗೆ ಪೂರ್ವಾನುಮಾನ ದೊರೆಯಿತು. ಹತ್ತು ವರ್ಷಗಳಲ್ಲಿ ಇದಕ್ಕೆ ತಗಲುವ ವೆಚ್ಚವನ್ನು ೨೮,೦೦೦ ಕೋಟಿ ಡಾಲರಿನಷ್ಟೆಂದು ಆಗ ಅಂದಾಜು ಮಾಡಿದರು. ವಿರೋಧಿಸಿದವರ ಮಾತನ್ನೂ ಹೇಳಬೇಕು: ಹೀಗೆ ಊಹಿಸುತ್ತ ಹೋದರೆ ವಿಷಕ್ಕೂ ತಮಗೂ ಸಂಬಂಧವಿಲ್ಲದ ರೋಗಿಗಳೂ ಹಣ ಪಡೆಯುತ್ತಾರೆ. ನಿಜ, ಕೆಲವರು ಪಡೆಯುತ್ತಾರೆ. ಒಬ್ಬನ ದೇಹದಲ್ಲಿರುವ ಕ್ಯಾನ್ಸರ್ ಬೀಡಿಯಿಂದ ಬಂದಿತೋ ಗುಂಡಿಯ ಹೊಗೆಯಿಂದ ಬಂದಿತೋ ಎಂದು ಬಿಡಿಸಿ ಹೇಳಬಲ್ಲ ವೈದ್ಯ ಇನ್ನೂ ಹುಟ್ಟಿಲ್ಲ. ವಿಜ್ಞಾನವು ಗುಂಪಿನ ವಿಷಯ ಹೇಳಬಲ್ಲುದು, ಒಬ್ಬೊಬ್ಬನ ವಿಷಯ ಹೇಳಲಾರದು. ತಪ್ಪು ಎರಡು ಕಡೆಗೂ ಆಗಬಹುದಾದಾಗ ಯಾವ ಕಡೆಯ ತಪ್ಪನ್ನು ಸಹಿಸಬೇಕೆಂಬುದು ವಿಜ್ಞಾನದ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆ. ಖಜಾನೆ ತಡೆದುಕೊಳ್ಳಬಲ್ಲ ತಪ್ಪನ್ನು ರೋಗಿಯ ಮನೆ ತಡೆದುಕೊಳ್ಳಲಾರದು ಎಂಬುದು ನನ್ನ ಎಣಿಕೆ.

ನಮ್ಮ ದೇಶದ ನಿಯಮಗಳಿಗೆ ಬರೋಣ. ಹಿಂದುಸ್ಥಾನದ ಸೈನಿಕನ ಪಾಲಿಗೆ ಈ ಪೂರ್ವಾನುಮಾನ ಹೊಸದೇನೂ ಅಲ್ಲವೆಂದು ಕೇಳಿದರೆ ಬಹಳ ಜನಕ್ಕೆ ಆಶ್ಚರ್ಯವಾದೀತು. ಸೈನ್ಯದ ೧೯೬೧ರ ಪಿಂಚಣಿ ನಿಬಂಧನೆಗಳ ಪ್ರಕಾರ, ಸೇವೆಯಿಂದ ಉಂಟಾದ ಇಲ್ಲವೆ ಉಲ್ಬಣಿಸಿದ ವೈಕಲ್ಯ ಶೇಕಡ ೨೦ ಅಥವಾ ಹೆಚ್ಚಾಗಿದ್ದರೆ ಅದಕ್ಕೆ ಪಿಂಚಣಿಯುಂಟು. ೧೯೮೨ರ ಅರ್ಹತಾ ನಿಯಮಗಳು ಅದರ ಮೇಲೆ ಒಂದು ಉದಾರವಾದ ಛಾವಣಿ ಹಾಕಿದವು. ಭರ್ತಿಯಾಗುವಾಗ ಕಾಗದದಲ್ಲಿ ರೋಗವನ್ನು ಬರೆದಿಲ್ಲವಾದರೆ ಅವನು ಆಗ ಆರೋಗ್ಯವಂತನಾಗಿದ್ದನೆಂದು ಹಿಡಿಯಬೇಕು. ಮುಂದೆ ಆರೋಗ್ಯದ ಕಾರಣದಿಂದ ಬಿಡುಗಡೆಯಾದರೆ ಆ ಕೆಡುಕು ಸೇವೆಯಿಂದ ಬಂದುದೆಂದು ಹಿಡಿಯಬೇಕು. ಅರ್ಜಿದಾರನನ್ನು ರುಜುವಾತು ಕೇಳಬಾರದು. ಸಂಶಯವಿದ್ದಲ್ಲಿ ಅದರ ಲಾಭ ಅವನಿಗೇ. ಹವಾಲ್ದಾರ ಕಾಕಾ ಹೇಳಿದ "ಎದಿ ಬಡದ ನೋಡೇ ತಗೊಂಡಾರ" ಎಂಬ ಮಾತು ಅಕ್ಷರಶಃ ಈ ನಿಯಮವೇ ಅಲ್ಲವೆ?

ನಿಯಮ ಇದ್ದಂತೆಯೇ ನಿರಾಕರಣೆಗಳೂ ಇದ್ದವು. ಸಿಗ್ನಲ್ ದಳದ ಸಿಪಾಯಿ ಧರಮವೀರ ಸಿಂಗ್ ೧೯೮೫ರಲ್ಲಿ ಸೇರಿ, ೧೯೯೪ರಲ್ಲಿ ಮೂರ್ಛೆರೋಗದ ಕಾರಣದಿಂದ ಹೊರಬಿದ್ದರು. ವೈಕಲ್ಯ ಶೇಕಡ ೨೦ ಎಂದು ವೈದ್ಯ ಮಂಡಳಿಯೇ ಎಣಿಸಿದ್ದಿತು. ಆದರೆ ರೋಗಕ್ಕೂ ಸೇವೆಗೂ ಸಂಬಂಧವಿಲ್ಲವೆಂದು ಬರೆಯಿತು, ಏಕೆ ಇಲ್ಲವೆಂದು ಬರೆಯಲಿಲ್ಲ. ಸರ್ವೋಚ್ಚ ನ್ಯಾಯಾಲಯ ೨೦೧೩ರ ಜುಲೈ ೨ರಂದು ಅವರ ಪರವಾಗಿ ತೀರ್ಪು ಕೊಟ್ಟಿತು. ಭರ್ತಿಯ ಸಮಯದಲ್ಲಿ ರೋಗ ಪತ್ತೆಯಾಗಲು ಸಾಧ್ಯವಿರಲಿಲ್ಲವೆಂದು ಮಂಡಳಿ ಹೇಳುವುದಾದರೆ ಕಾರಣ ಕೊಡಬೇಕು. ಕಾರಣವಿಲ್ಲದ 'ಅಲ್ಲ' ನಡೆಯದು. ಒಂಬತ್ತು ವರ್ಷದ ಸೇವೆ, ಆಮೇಲೆ ಹತ್ತೊಂಬತ್ತು ವರ್ಷದ ಕಾಯುವಿಕೆ. ಆ ತೀರ್ಪಿನ ಆಧಾರದಿಂದ ಅನೇಕ ಸೈನಿಕರು ಗೆದ್ದಿದ್ದಾರೆ. ಕೆಲವು ಮುಂದಿನ ತೀರ್ಪುಗಳು ಈ ಊಹೆ ಎಲ್ಲ ರೋಗಗಳಿಗೂ ತಾನಾಗಿ ಅನ್ವಯಿಸದೆಂದು ಮಿತಿ ಹಾಕಿದ್ದೂ ಉಂಟು. ೨೦೨೩ರ ಸೆಪ್ಟೆಂಬರಿನಲ್ಲಿ ಹೊಸ ಅರ್ಹತಾ ನಿಯಮಗಳು ಬಂದಿವೆ. ಹಳೆಯದರ ಔದಾರ್ಯ ಇವುಗಳಲ್ಲಿ ಮೊಟಕಾಗಿದೆಯೆಂದು ಮಾಜಿ ಸೈನಿಕರ ಸಂಘಗಳು ಆಕ್ಷೇಪಿಸಿವೆ. ದುರುಪಯೋಗ ಮಾಡುವವರನ್ನು ತಡೆಯಲು ಹೀಗೆ ಮಾಡಬೇಕಾಯಿತೆಂಬುದು ಸರಕಾರದ ಕಡೆಯ ಸಮರ್ಥನೆ. ದುರುಪಯೋಗವಿಲ್ಲವೆಂದು ನಾನು ಹೇಳಲಾರೆ. ಆದರೆ ಕಳ್ಳನನ್ನು ಹಿಡಿಯಲು ಹಾಕಿದ ಬೇಲಿ ಮನೆಯವನನ್ನೇ ಹೊರಗಿಟ್ಟರೆ?

ಸೈನ್ಯದ ಆಚೆಗೂ ಈ ಪ್ರಶ್ನೆ ನಮ್ಮ ನಾಡನ್ನು ಹಲವು ಸಲ ತಟ್ಟಿದೆ. ಕೋಲಾರದ ಚಿನ್ನದ ಗಣಿಗಳಲ್ಲಿ ಕಲ್ಲಿನ ದೂಳು ಕುಡಿದು ಬರುವ ಸಿಲಿಕೋಸಿಸ್ ರೋಗಕ್ಕೆ ಮೈಸೂರು ಸಂಸ್ಥಾನವು ೧೯೪೦ರಷ್ಟು ಹಿಂದೆಯೇ ಪ್ರತ್ಯೇಕ ನಿಯಮಗಳನ್ನು ಮಾಡಿ ಪರಿಹಾರಕ್ಕೆ ದಾರಿ ಮಾಡಿತು. ಆ ದಶಕದಲ್ಲಿ ೭,೬೫೩ ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇಕಡ ೪೩ಕ್ಕೂ ಹೆಚ್ಚು ಜನರಲ್ಲಿ ರೋಗ ಕಂಡಿದ್ದಿತು. ಅರಸರ ಆಳ್ವಿಕೆಯಲ್ಲಿ ಆದ ಈ ಕೆಲಸವನ್ನು ನಾವು ಮರೆತಿರುವುದು ಸರಿಯಲ್ಲ.

ಇನ್ನು ಕಾಸರಗೋಡು. ಏಜೆಂಟ್ ಆರೆಂಜಿನಂತೆ ಇಲ್ಲಿಯೂ ವಿಷ ಆಕಾಶದಿಂದ ಬಂದಿತು; ಸುರಿದವರು ಸೈನಿಕರಲ್ಲ, ಕೇರಳ ಸರಕಾರದ ತೋಟಗಾರಿಕಾ ನಿಗಮದವರು. ಗೇರು ತೋಟದ ಟೀ ಸೊಳ್ಳೆಯನ್ನು ಕೊಲ್ಲಲು ೧೯೭೦ರ ದಶಕದ ಕೊನೆಯಿಂದ ೨೦೦೦ದವರೆಗೆ ಸುಮಾರು ೪,೬೦೦ ಹೆಕ್ಟೇರು ಗುಡ್ಡಗಾಡಿನ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಸಿಂಪಡಿಸುವಾಗ ನೀರಿನ ತಾಣಗಳನ್ನು ಮುಚ್ಚಬೇಕೆಂದು ಸೂಚನೆಯಿದ್ದಿತು. ಬಾವಿಗೆ ಮುಚ್ಚಳ ಹಾಕಬಹುದು; ತೋಡಿಗೆ, ಸುರಂಗದಿಂದ ಹರಿದು ಬರುವ ನೀರಿಗೆ ಮುಚ್ಚಳ ಎಲ್ಲಿಂದ ತರುವುದು? ಎಣ್ಮಕಜೆ ಪಂಚಾಯತಿಯ ಪಡ್ರೆ, ಸ್ವರ್ಗ ಮೊದಲಾದ ನಮ್ಮ ಕನ್ನಡದ ಊರುಗಳಲ್ಲಿ ಕೈಕಾಲು ತಿರುಚಿದ ಕರುಗಳು, ಆಮೇಲೆ ಮಕ್ಕಳು ಹುಟ್ಟತೊಡಗಿದಾಗ ಮೊದಲು ಬರೆದವರು ಊರಿನ ಕೃಷಿಕ ಪತ್ರಕರ್ತ ಶ್ರೀ ಪಡ್ರೆಯವರು. ಅಲ್ಲಿ ವೈದ್ಯರಾಗಿದ್ದ ಡಾಕ್ಟರ್ ವೈ. ಎಸ್. ಮೋಹನಕುಮಾರರು ತಮ್ಮ ರೋಗಿಗಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಕ್ಯಾನ್ಸರುಗಳು ಇಷ್ಟೊಂದು ಏಕೆಂದು ಕೇಳಿಕೊಂಡು, ಉತ್ತರಕ್ಕಾಗಿ ಹೊರಗಿನವರಿಗೆ ಪತ್ರ ಬರೆಯುತ್ತ ಹೋದರು. ಅಂಬಿಕಾಸುತನ್ ಮಾಂಗಾಡ್ ಅವರು ೨೦೦೯ರಲ್ಲಿ ಮಲಯಾಳದಲ್ಲಿ ಬರೆದ ಕಾದಂಬರಿಗೆ ಆ ಪಂಚಾಯತಿಯ ಹೆಸರೇ ಶೀರ್ಷಿಕೆಯಾಯಿತು.

ಕೇಂದ್ರ ಸರಕಾರ ನೇಮಿಸಿದ ದುಬೆ ಸಮಿತಿ ೨೦೦೩ರಲ್ಲಿ ಹೇಳಿದ್ದು: ಪಡ್ರೆಯ ಜನರ ಕಾಯಿಲೆಗೂ ಸಿಂಪರಣೆಗೂ ಸಂಬಂಧ ಸ್ಥಾಪಿತವಾಗಿಲ್ಲ. ಇಲ್ಲಿಯೂ ವಾಕ್ಯದ ವ್ಯಾಕರಣವನ್ನು ನೋಡಬೇಕು. 'ಸಂಬಂಧ ಕಂಡಿಲ್ಲ' ಎಂಬುದು ನೋಡಿದವನ ಕಣ್ಣನ್ನು ಕುರಿತ ಮಾತು. 'ಸಂಬಂಧ ಇಲ್ಲ' ಎಂಬುದು ಲೋಕವನ್ನು ಕುರಿತ ಮಾತು. ಸಮಿತಿಯ ಕೊಠಡಿಯಲ್ಲಿ ಮೊದಲನೆಯದಾಗಿ ಹುಟ್ಟಿದ ವಾಕ್ಯ ಪತ್ರಿಕೆಗೆ, ಶಾಸನಸಭೆಗೆ, ಕಚೇರಿಗೆ ಬರುವಷ್ಟರಲ್ಲಿ ಎರಡನೆಯದಾಗಿ ಬೆಳೆದಿರುತ್ತದೆ. ೨೦೧೧ರ ಮೇ ೧೩ರಂದು ಸರ್ವೋಚ್ಚ ನ್ಯಾಯಾಲಯ ಆ ಕೀಟನಾಶಕವನ್ನು ದೇಶದಲ್ಲೆಲ್ಲ ತಡೆಯಿತು. ೨೦೧೭ರ ಜನವರಿ ೧೦ರಂದು ಪ್ರತಿಯೊಬ್ಬ ಸಂತ್ರಸ್ತನಿಗೂ ಮೂರು ತಿಂಗಳೊಳಗೆ ಐದು ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರಕಾರಕ್ಕೆ ಆಜ್ಞಾಪಿಸಿತು. ೨೦೨೨ರ ಮೇ ತಿಂಗಳಲ್ಲಿ ನ್ಯಾಯಾಲಯ ಮತ್ತೆ ಲೆಕ್ಕ ಕೇಳಿದಾಗ ೩,೭೦೪ ಜನರಲ್ಲಿ ಹಣ ಮುಟ್ಟಿದ್ದು ಎಂಟು ಜನರಿಗೆ. ಅವರೂ ನ್ಯಾಯಾಲಯದ ಮೆಟ್ಟಿಲು ಹತ್ತಿದವರು. ಆ ಛೀಮಾರಿಯ ಬಳಿಕವೇ ಹಂಚಿಕೆಗೆ ವೇಗ ಬಂದುದು. ಗಡಿಯ ಈಚೆಗೆ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲಿ ನಮ್ಮದೇ ಕರ್ನಾಟಕದ ಗೇರು ಅಭಿವೃದ್ಧಿ ನಿಗಮ ಸಿಂಪಡಿಸಿದ್ದಿತು. ಅಲ್ಲಿಯ ಮನೆಗಳಲ್ಲಿ ಮಲಗಿದಲ್ಲೇ ದೊಡ್ಡವರಾದ ಮಕ್ಕಳಿಗೆ ಸರಕಾರ ೨೦೧೦ರಲ್ಲಿ ಪರಿಹಾರ ಘೋಷಿಸಿತು, ಆಮೇಲೆ ಮಾಸಾಶನವನ್ನೂ ಕೊಡತೊಡಗಿತು.

ಸೈನಿಕನಿಗೆ ಒಂದು ಅನುಕೂಲವುಂಟು, ಪಡ್ರೆಯ ಕೂಸಿಗೆ ಅದಿಲ್ಲ: ಭರ್ತಿಯ ದಿನ ಸರಕಾರಿ ವೈದ್ಯನೊಬ್ಬ ಅವನ ಎದೆ ನೋಡಿ ಸರಿಯಾಗಿದೆಯೆಂದು ಸಹಿ ಮಾಡಿರುತ್ತಾನೆ. ಆ ಒಂದು ಕಾಗದದ ಮೇಲೆ ಅವನ ಇಡೀ ವಾದವನ್ನು ಕಟ್ಟಬಹುದು. ಆದ್ದರಿಂದ ನಮ್ಮ ಓಣಿಯ ಮೇಲ್ಮನವಿಯಲ್ಲಿ ಮೊದಲು ಆ ಕಾಗದದ ನಕಲನ್ನೇ ಕೇಳಿದ್ದೇವೆ. ಕಾಕಾ ಹೇಳುತ್ತ ಹೋದರು, ನಾನು ಕನ್ನಡದಲ್ಲಿ ಬರೆದುಕೊಂಡೆ; ನನ್ನ ಕಾಲೇಜಿನ ಇಂಗ್ಲಿಷ್ ವಿಭಾಗದ ಸ್ನೇಹಿತರು ಅನುವಾದಿಸುತ್ತಿದ್ದಾರೆ. ಯಾವ ಊರು, ಯಾವ ವರ್ಷದಿಂದ ಯಾವ ವರ್ಷ, ದಿನಕ್ಕೆ ಎಷ್ಟು ಗಾಡಿಗಳ ಬ್ರೇಕಿನ ದೂಳನ್ನು ಗಾಳಿ ಹಾಯಿಸಿ ಊದಿದರು, ಬಾಗಿಲಿಲ್ಲದ ಕೋಣೆಯೋ ಕಿಟಕಿಯಿಲ್ಲದ ಕೋಣೆಯೋ, ಬಾಯಿಗೆ ಕಟ್ಟಿಕೊಳ್ಳಲು ಕೊಟ್ಟದ್ದು ಏನು (ಅವರದೇ ಕರವಸ್ತ್ರ). ಜಿಡ್ಡು ತೆಗೆಯುವ ದ್ರವವನ್ನು ಬರಿಗೈಯಲ್ಲಿ ಬಳಸುತ್ತಿದ್ದರು. ನೀರಿನಂತೆ ತೆಳುವು, ಸ್ವಲ್ಪ ಸಿಹಿ ವಾಸನೆ, ಬೇಸಿಗೆಯಲ್ಲಿ ತಲೆ ತಿರುಗುತ್ತಿತ್ತು. ಅದರ ಹೆಸರು ಅವರಿಗೆ ತಿಳಿಯದು. ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತಂತೆ. ಅರ್ಜಿಯಲ್ಲಿ ಆ ಜಾಗವನ್ನು ಖಾಲಿ ಬಿಟ್ಟು, ದಯವಿಟ್ಟು ಇದನ್ನು ತಮ್ಮ ದಾಸ್ತಾನಿನ ಪುಸ್ತಕದಿಂದ ತುಂಬಿಕೊಳ್ಳಬೇಕೆಂದು ಕೆಳಗೆ ಬರೆದಿದ್ದೇವೆ.